ಹೊಳೆಯ ಸೇತುವೆ ಮುಚ್ಚಿದಾಗ ಪಾದಯಾತ್ರಿಗಳು ಸುತ್ತುದಾರಿ ಹುಡುಕುವ ಬಗೆ

ತುಂಗಭದ್ರಾ ಜಲಾಶಯ ತುಂಬಿ, ನದಿಗೆ ಲಕ್ಷ ಕ್ಯೂಸೆಕ್‌ ಮೀರಿ ನೀರು ಬಿಡುವ ದಿನಗಳಲ್ಲಿ ಕಂಪ್ಲಿ ಮತ್ತು ಗಂಗಾವತಿಯ ನಡುವಿನ ಸೇತುವೆ ಮುಳುಗುವ ಹಂತಕ್ಕೆ ಬರುತ್ತದೆ. ಅದರ ಎರಡೂ ತುದಿಗೆ ಬ್ಯಾರಿಕೇಡ್ ಬೀಳುತ್ತದೆ. ವಾಹನದಲ್ಲಿ ಬಂದವರಿಗೆ ಇದು ಒಂದು ತಾಸಿನ ತೊಂದರೆ. ಹೆಗಲಿಗೆ ಚೀಲ ಹಾಕಿಕೊಂಡು ನಡೆದು ಬಂದವರಿಗೆ ಅರ್ಧ ದಿನದ ಮಾತು, ತಂಡದಲ್ಲಿ ವಯಸ್ಸಾದವರಿದ್ದರೆ ಒಂದು ಪೂರ್ತಿ ದಿನದ ಮಾತು. ನಮ್ಮ ಭಾಗದಲ್ಲಿ ದೂರದ ನಡಿಗೆಗೂ ಹೊಳೆಯ ಪ್ರವಾಹಕ್ಕೂ ಕಾಲ ಕೂಡಿ ಬರುವುದು ಸಾಮಾನ್ಯ. ಮಂತ್ರಾಲಯದ ಆರಾಧನೆ ಶ್ರಾವಣ ಬಹುಳ ಬಿದಿಗೆಯ ಆಸುಪಾಸಿಗೆ ಬರುತ್ತದೆ. ಆನೆಗೊಂದಿಯ ಹತ್ತಿರದ ಅಂಜನಾದ್ರಿ ಬೆಟ್ಟಕ್ಕೂ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೂ ನಡೆದು ಹೋಗುವವರು ಶ್ರಾವಣದಲ್ಲಿ ಬಹಳ. ಅದೇ ತಿಂಗಳಲ್ಲಿ ಮಲೆನಾಡಿನ ಮಳೆ ಕೂಡ್ಲಿಯ ಸಂಗಮ ದಾಟಿ ನಮ್ಮ ಜಲಾಶಯಕ್ಕೆ ಬಂದು ನಿಂತಿರುತ್ತದೆ.

ಪಾದಯಾತ್ರೆಯ ತಂಡಕ್ಕೆ ದಾರಿ ಗೊತ್ತುಮಾಡುವ ಕೆಲಸ ಹಲವು ವರ್ಷಗಳಿಂದ ನನ್ನ ಪಾಲಿಗಿದೆ. ಸೇತುವೆ ಮುಚ್ಚಿದೆ ಎಂಬ ಸುದ್ದಿ ಕೇಳಿದ ಕೂಡಲೇ ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದ್ದೇನೆ: ನಿಂತಲ್ಲೇ ಫೋನ್ ತೆಗೆದು, ಹೊಳೆಯ ದಂಡೆಗುಂಟ ಯಾವ ದಾರಿ ಹೋಗುತ್ತದೆ ಎಂದು ನೋಡಿ, ಆ ದಾರಿ ಹಿಡಿದು ಹೊರಟುಬಿಡುವುದು. ಮೊದಲು ದಾಟುವ ಜಾಗ ಖಚಿತವಾಗಬೇಕು; ಆಮೇಲೆ ಆ ಜಾಗದಿಂದ ಹಿಂದಕ್ಕೆ, ನಾವು ನಿಂತಲ್ಲಿಯವರೆಗೆ, ದಾರಿಯನ್ನು ಜೋಡಿಸಿಕೊಂಡು ಬರಬೇಕು. ಈ ಬರಹದಲ್ಲಿ ಹೇಳುವುದೆಲ್ಲ ಈ ಒಂದು ಕ್ರಮದ ವಿವರಣೆಯೇ.

ಮುಚ್ಚಿದ್ದು ಯಾತಕ್ಕೆ ಎಂಬುದನ್ನು ಮೊದಲು ತಿಳಿಯುವುದು

ಸೇತುವೆ ಮುಚ್ಚುವುದಕ್ಕೆ ಕಾರಣ ಹಲವಿದ್ದರೂ ನಡೆಯುವವರಿಗೆ ಮುಖ್ಯವಾದ ಭೇದ ಒಂದೇ: ಮುಚ್ಚಿರುವುದು ನೀರಿನಿಂದಲೋ, ಸೇತುವೆಯ ಸ್ಥಿತಿಯಿಂದಲೋ? ಮೇಲೆ ನೀರು ಹರಿಯುತ್ತಿದೆ ಎಂದಾದರೆ ಅದು ದಿನಗಳ ಲೆಕ್ಕ. ಕಂಬ ಕುಸಿದಿದೆ, ಹಾಸು ಬಿರುಕು ಬಿಟ್ಟಿದೆ, ದುರಸ್ತಿ ನಡೆದಿದೆ ಎಂದಾದರೆ ತಿಂಗಳ ಅಥವಾ ವರ್ಷದ ಲೆಕ್ಕ. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಎಂಬ ಸುಮಾರು 4,265 ಕಿಲೋಮೀಟರ್ ಉದ್ದದ ಕಾಲುದಾರಿಯಲ್ಲಿ ಸುಯಾಟಲ್ ನದಿಯ ಸೇತುವೆ 2003ರ ಪ್ರವಾಹದಲ್ಲಿ ಕೊಚ್ಚಿಹೋಯಿತು. ಹೊಸ ಸೇತುವೆ ಸಿದ್ಧವಾದದ್ದು 2011ರಲ್ಲಿ, ಅದೂ ಹಳೆಯ ಜಾಗದಲ್ಲಲ್ಲ, ನದಿಯ ಕೆಳಭಾಗದ ಬೇರೆ ಜಾಗದಲ್ಲಿ. ಅಂಥ ಕಡೆ ಸುತ್ತುದಾರಿಯೇ ಎಂಟು ವರ್ಷ ದಾರಿಯಾಗಿರುತ್ತದೆ, ಆದ್ದರಿಂದ ಅದನ್ನು ಒಂದು ದಿನದ ಹೊಂದಾಣಿಕೆಯಂತೆ ಹುಡುಕಿದರೆ ಸಾಲದು.

ನೀರಿನಿಂದ ಮುಚ್ಚಿದ್ದಾದರೆ ನೋಡಬೇಕಾದ ಅಂಕಿ ಜಲಾಶಯದ ಹೊರಹರಿವು. ತುಂಗಭದ್ರಾ ಜಲಾಶಯದ ನೀರಿನ ಮಟ್ಟ, ಒಳಹರಿವು, ಹೊರಹರಿವು ಮೂರೂ ಪತ್ರಿಕೆಗಳಲ್ಲಿ ದಿನವೂ ಬರುತ್ತವೆ. ಪೂರ್ಣ ಮಟ್ಟ 1,633 ಅಡಿ. ಮಟ್ಟ ಅದರ ಹತ್ತಿರವಿದ್ದು ಒಳಹರಿವು ಇನ್ನೂ ಏರುತ್ತಿದ್ದರೆ ಸೇತುವೆ ನಾಳೆ ತೆರೆಯುವುದಿಲ್ಲ. ಮಟ್ಟ ಒಂದೆರಡು ಅಡಿ ಇಳಿದು ಒಳಹರಿವೂ ತಗ್ಗುತ್ತಿದ್ದರೆ ಒಂದು ದಿನ ಮುಕ್ಕಾಮು ಹೂಡಿ ಕಾಯುವುದು ಸುತ್ತಿ ನಡೆಯುವುದಕ್ಕಿಂತ ಲೇಸಾಗಬಹುದು. ಕಾಯುವುದೂ ಒಂದು ಸುತ್ತುದಾರಿಯೇ, ಅದನ್ನೂ ಉಳಿದವುಗಳ ಜೊತೆ ಇಟ್ಟು ತೂಗಬೇಕು. ಆದರೆ ತಲೆಯ ಮೇಲಿನ ಆಕಾಶವನ್ನು ನೋಡಿ ತೀರ್ಮಾನ ಮಾಡಬಾರದು. ಕಂಪ್ಲಿಯಲ್ಲಿ ಹದಿನೈದು ದಿನ ಹನಿ ಬೀಳದಿದ್ದರೂ ಹೊಳೆ ದಂಡೆ ಮುಟ್ಟಿ ಹರಿಯುತ್ತಿರಬಹುದು, ಯಾಕೆಂದರೆ ಈ ನೀರು ಶಿವಮೊಗ್ಗ, ಚಿಕ್ಕಮಗಳೂರಿನ ಮಳೆಯದು. ಕೆಲವೊಮ್ಮೆ ಮಳೆಯ ಮಾತೇ ಇರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಆ ಜಾಗಕ್ಕೆ ತಾತ್ಕಾಲಿಕ ತಡೆ ಕೂರಿಸುವವರೆಗೆ, ಸುಮಾರು ಒಂದು ವಾರ, ಜಲಾಶಯವನ್ನು ಬರಿದುಮಾಡುತ್ತ ಹೊಳೆಗೆ ನೀರು ಬಿಡಲೇಬೇಕಾಯಿತು. ಆ ವಾರ ಹೊಳೆ ದಾಟುವ ಯೋಜನೆ ಇಟ್ಟುಕೊಂಡಿದ್ದವರಿಗೆ ಹವಾಮಾನದ ಮುನ್ಸೂಚನೆ ಯಾವ ಉಪಯೋಗಕ್ಕೂ ಬರುತ್ತಿರಲಿಲ್ಲ.

ನೀರು ಇಳಿದ ಮೇಲೂ ಬ್ಯಾರಿಕೇಡ್ ತೆಗೆದಿಲ್ಲವೆಂದು ಸಿಟ್ಟು ಮಾಡುವವರನ್ನು ಕಂಡಿದ್ದೇನೆ. ಪ್ರವಾಹದ ನೀರು ಕಂಬದ ಬುಡದ ಮರಳು ಮಣ್ಣನ್ನು ಕೊರೆದು ಒಯ್ಯುತ್ತದೆ, ಆ ಗುಂಡಿ ಮೇಲಿನಿಂದ ಕಾಣುವುದಿಲ್ಲ. ಹಾಸಿನ ಮೇಲೆ ಗಿಡಗಂಟಿ, ಹೂಳು ತುಂಬಿರುತ್ತದೆ. ಪಕ್ಕದ ಕಂಬಿ ಕಿತ್ತುಹೋಗಿರಬಹುದು. ಪರಿಶೀಲನೆ ಮುಗಿಯುವವರೆಗೆ ಅದು ಮುಚ್ಚಿದ ಸೇತುವೆಯೇ. ಇನ್ನು ಪಾದ ಮುಳುಗುವಷ್ಟೇ ನೀರು ಹಾಸಿನ ಮೇಲೆ ಹರಿಯುತ್ತಿದೆ, ಕೈ ಕೈ ಹಿಡಿದು ದಾಟೋಣ ಎನ್ನುವ ಉತ್ಸಾಹಿಗಳು ಪ್ರತಿ ತಂಡದಲ್ಲೂ ಇರುತ್ತಾರೆ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರ್. ಹರಿವಿನ ವೇಗ ಎರಡು ಪಟ್ಟಾದರೆ ಕಾಲಿನ ಮೇಲೆ ಬೀಳುವ ಒತ್ತಡ ನಾಲ್ಕು ಪಟ್ಟಾಗುತ್ತದೆ. ಬಿರುಸಿನಿಂದ ಹರಿಯುವ ನೀರು ಅರ್ಧ ಅಡಿಯಿದ್ದರೂ ದೊಡ್ಡವರನ್ನು ಕೆಡವಬಲ್ಲದು. ಈ ಲೆಕ್ಕವನ್ನು ಹೊರಡುವ ಹಿಂದಿನ ದಿನವೇ ಎಲ್ಲರಿಗೂ ಹೇಳಿಬಿಟ್ಟರೆ ಹೊಳೆಯ ದಂಡೆಯಲ್ಲಿ ವಾದ ಹುಟ್ಟುವುದಿಲ್ಲ.

ದಾಟುವ ಜಾಗಗಳನ್ನು ಬರೆದುಕೊಳ್ಳುವುದು

ಮನೆಯಲ್ಲಿ ಕುಳಿತಾಗಲೇ ಒಂದು ಹಾಳೆಯ ಮೇಲೆ ಹೊಳೆಯನ್ನು ಉದ್ದಕ್ಕೆ ಗೆರೆಯಾಗಿ ಎಳೆದು, ಮೇಲಿನಿಂದ ಕೆಳಕ್ಕೆ ಸೇತುವೆಗಳನ್ನು ಗುರುತಿಸಬೇಕು. ತುಂಗಭದ್ರೆಗೆ ನಾನು ಬರೆದುಕೊಂಡಿರುವ ಮುಖ್ಯ ಜಾಗಗಳು ಹೀಗಿವೆ: ಅಣೆಕಟ್ಟೆಯ ಕೆಳಗೆ ಹೊಸಪೇಟೆ ಮತ್ತು ಮುನಿರಾಬಾದ್ ನಡುವಿನ ಹೆದ್ದಾರಿ ಸೇತುವೆ, ಅದರ ಕೆಳಗೆ ಬುಕ್ಕಸಾಗರ–ಕಡೇಬಾಗಿಲು ಸೇತುವೆ, ಆಮೇಲೆ ಕಂಪ್ಲಿ, ಇನ್ನೂ ಕೆಳಗೆ ಸಿರುಗುಪ್ಪ–ಸಿಂಧನೂರು ದಾರಿಯಲ್ಲಿ ದಢೇಸೂಗೂರು, ಕೊನೆಗೆ ರಾಯಚೂರಿನಿಂದ ಮಂತ್ರಾಲಯಕ್ಕೆ ಹೋಗುವ ದಾರಿಯ ಮಾಧವರಂ. ಪ್ರತಿ ಹೆಸರಿನ ಮುಂದೆ ಒಂದೇ ಪ್ರಶ್ನೆಗೆ ಉತ್ತರ ಬರೆಯಬೇಕು: ಮುಚ್ಚಿದ ಸೇತುವೆಯನ್ನು ಮುಳುಗಿಸಿದ ನೀರು ಇದನ್ನೂ ಮುಟ್ಟುತ್ತದೆಯೇ? ಕಂಪ್ಲಿಯ ಸೇತುವೆ ತಗ್ಗಿನದು, ಬೇಗ ಮುಳುಗುತ್ತದೆ. ಬುಕ್ಕಸಾಗರದ್ದು ಈಚಿನದು, ಎತ್ತರದ್ದು. ಆದ್ದರಿಂದಲೇ ಕಂಪ್ಲಿ ಮುಚ್ಚಿದಾಗ ವಾಹನಗಳನ್ನೂ ಆ ಕಡೆ ಕಳಿಸುತ್ತಾರೆ.

ಕೃಷ್ಣೆಯಲ್ಲೂ ಇದೇ ಪರೀಕ್ಷೆ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ, ದೇವದುರ್ಗದ ಹೂವಿನಹೆಡಗಿ ಸೇತುವೆ ಮುಳುಗುವ ಸುದ್ದಿ ವರ್ಷ ಬಿಟ್ಟು ವರ್ಷ ಬರುತ್ತದೆ. ನಡುಗಡ್ಡೆಯ ಊರುಗಳವರು ಜಲದುರ್ಗದ ಕಡೆಯಿಂದ ಸುತ್ತಿ ಲಿಂಗಸುಗೂರಿಗೆ ಬರಬೇಕಾಗುತ್ತದೆ. ಆ ಊರುಗಳವರಿಗೆ ಸುತ್ತುದಾರಿ ಎಂಬುದು ಯಾತ್ರೆಯ ಮಾತಲ್ಲ, ಬಸುರಿಯನ್ನು ದವಾಖಾನೆಗೆ ಒಯ್ಯುವ ಮಾತು. ಅವರ ಲೆಕ್ಕ ನಮಗಿಂತ ಯಾವಾಗಲೂ ನಿಖರವಾಗಿರುತ್ತದೆ, ಅವರನ್ನೇ ಕೇಳಬೇಕು.

ಈ ಪರೀಕ್ಷೆಯನ್ನು ಮಾಡದೆ ಕೆಟ್ಟ ಒಂದು ದಿನ ನನಗೆ ನೆನಪಿದೆ. ಸೇತುವೆ ಮುಚ್ಚಿದೆ ಎಂದು ತಿಳಿದ ಮೇಲೆ, ಕೆಳಗಿನ ಕಡವಿನಲ್ಲಿ ಹರಿಗೋಲು ಸಿಗುತ್ತದೆ ಎಂಬ ಯಾರದೋ ಮಾತು ನಂಬಿ ಇಪ್ಪತ್ತೆರಡು ಜನರನ್ನು ಗದ್ದೆಯ ಬದುವಿನ ಮೇಲೆ ಎರಡು ತಾಸು ನಡೆಸಿದೆ. ಕಡವಿನಲ್ಲಿ ಹರಿಗೋಲುಗಳನ್ನು ದಂಡೆಗೆ ಎಳೆದು ಬೋರಲು ಹಾಕಿದ್ದರು. ಅಂಬಿಗರ ಹಿರಿಯರೊಬ್ಬರು ನಮ್ಮನ್ನು ಕಂಡು, “ಸೇತುವೀನ ನಿಂತಿಲ್ಲ, ನನ್ನ ಹರಗೋಲು ನಿಲ್ತದೇನ್ರಿ?” ಎಂದರು. ಅವರು ಕೇಳಿದ್ದನ್ನು ನಾನು ಬೆಳಿಗ್ಗೆಯೇ ಕೇಳಿಕೊಳ್ಳಬೇಕಿತ್ತು. ಸೇತುವೆಯನ್ನು ಮುಚ್ಚಿಸುವ ನೀರು ಹರಿಗೋಲು, ತೆಪ್ಪ, ಬೇಸಿಗೆಯಲ್ಲಿ ನಡೆದು ದಾಟುವ ಕಲ್ಲುದಾರಿ ಇವೆಲ್ಲವನ್ನೂ ಅದಕ್ಕಿಂತ ಮೊದಲೇ ಮುಚ್ಚಿರುತ್ತದೆ. ತಳವಾರಘಟ್ಟದಿಂದ ಆನೆಗೊಂದಿಗೆ, ಅಲ್ಲಿಂದ ನವವೃಂದಾವನಕ್ಕೆ ದಾಟಿಸುವವರೂ ಹೊರಹರಿವು ಹೆಚ್ಚಿದ ಕೂಡಲೇ ನಿಲ್ಲಿಸುತ್ತಾರೆ.

ಹಾಗೆಂದು ದೋಣಿಯನ್ನು ಪಟ್ಟಿಯಿಂದ ಪೂರ್ತಿ ತೆಗೆದುಹಾಕಬೇಕಾಗಿಲ್ಲ. ಸೇತುವೆ ದುರಸ್ತಿಗಾಗಿ ಮುಚ್ಚಿದ್ದು ಹೊಳೆ ಶಾಂತವಾಗಿದ್ದರೆ, ನಡೆಸುವವರು ನುರಿತವರಾಗಿದ್ದು ಜೀವರಕ್ಷಕ ಜಾಕೆಟ್ ಕೊಡುವವರಾಗಿದ್ದರೆ ಅದು ಒಳ್ಳೆಯ ದಾಟು. ಅಮೆರಿಕದ ಅಪಲಾಚಿಯನ್ ಟ್ರೇಲ್ ಎಂಬ ಉದ್ದನೆಯ ಕಾಲುದಾರಿ ಮೇನ್ ರಾಜ್ಯದಲ್ಲಿ ಕೆನೆಬೆಕ್ ನದಿಯನ್ನು ಸೇತುವೆಯಿಲ್ಲದೆ ದಾಟುತ್ತದೆ. ಮೇಲೆ ಜಲವಿದ್ಯುತ್ತಿನ ಅಣೆಕಟ್ಟೆ ಇರುವುದರಿಂದ ನೀರು ಹೇಳದೆ ಕೇಳದೆ ಏರುತ್ತದೆ. 1985ರಲ್ಲಿ ನಡೆದು ದಾಟಲು ಹೋದ ಒಬ್ಬ ಯಾತ್ರಿಕರು ಮುಳುಗಿ ತೀರಿಕೊಂಡ ಮೇಲೆ, 1987ರಿಂದ ಅಲ್ಲಿ ನಡಿಗೆಯವರಿಗಾಗಿ ಉಚಿತ ದೋಣಿ ನಡೆಯುತ್ತಿದೆ, ದಾರಿಯ ಬಿಳಿ ಪಟ್ಟಿಯ ಗುರುತನ್ನು ದೋಣಿಯ ಮೇಲೂ ಬಳಿದಿದ್ದಾರೆ. ಅಂದರೆ ಆ ದೋಣಿಯೇ ದಾರಿಯ ಭಾಗ, ಈಜಿ ದಾಟುವುದು ದಾರಿಯಲ್ಲ. ಅಣೆಕಟ್ಟೆಯ ಕೆಳಗಿನ ಹೊಳೆ ನಮ್ಮದೂ ಆಗಿರುವುದರಿಂದ ಈ ಉದಾಹರಣೆಯನ್ನು ನಮ್ಮ ತಂಡದವರಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ.

ರೈಲು ಸೇತುವೆಯನ್ನು ಪಟ್ಟಿಗೆ ಸೇರಿಸಲೇಬಾರದು. ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯ 147ನೇ ಕಲಮಿನ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಸಜೆ ಆಗಬಹುದು. ಅದಕ್ಕಿಂತ ಮುಖ್ಯವಾಗಿ, ನಡುವೆ ರೈಲು ಬಂದರೆ ಪಕ್ಕಕ್ಕೆ ಸರಿಯಲು ಜಾಗವಿರುವುದಿಲ್ಲ. ಹೆದ್ದಾರಿ ಸೇತುವೆಯನ್ನು ಸೇರಿಸಬಹುದಾದರೂ ಪಕ್ಕದಲ್ಲಿ ಕಾಲಿಡಲು ಪಟ್ಟಿ ಇದೆಯೇ ಎಂದು ಒಮ್ಮೆ ಹೋಗಿ ನೋಡಿ ಬರಬೇಕು. ಇಪ್ಪತ್ತು ಜನರ ಸಾಲು ಲಾರಿಗಳ ಬದಿಯಲ್ಲಿ ನಡೆಯಬೇಕಾದ ಸೇತುವೆಯಾದರೆ, ಆ ಒಂದು ತುಣುಕನ್ನು ಬಸ್ಸಿನಲ್ಲೋ ಟಂಟಂನಲ್ಲೋ ದಾಟಿ ಆ ದಡದಿಂದ ನಡೆಯುವುದೇ ಸರಿ. 2019ರ ಡಿಸೆಂಬರಿನಲ್ಲಿ ಗೂಡ್ಸ್ ರೈಲು ಹಳಿತಪ್ಪಿ, ಹಾರ್ಪರ್ಸ್ ಫೆರಿ ಎಂಬಲ್ಲಿ ಪೊಟೊಮ್ಯಾಕ್ ನದಿಯ ಮೇಲಿನ ಅಪಲಾಚಿಯನ್ ಟ್ರೇಲಿನ ಕಾಲುಸೇತುವೆ ಕೆಟ್ಟು ಕೆಲವು ತಿಂಗಳು ಮುಚ್ಚಿತ್ತು. ಹತ್ತಿರದ ಹೆದ್ದಾರಿ ಸೇತುವೆಯಲ್ಲಿ ನಡೆಯುವವರಿಗೆ ಸುರಕ್ಷಿತ ಜಾಗವಿರಲಿಲ್ಲ. ಪೂರ್ತಿ ನಡೆದೇ ಹೋಗುವ ಹರಕೆ ಹೊತ್ತವರಿಗೆ ವಾಹನ ಹತ್ತುವುದು ಮನಸ್ಸಿಗೆ ಒಗ್ಗುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಅಂಥವರಿಗೆ ಮೊದಲೇ ತಿಳಿಸಿ, ಬೇಕಾದವರು ಕಾದು ನಡೆಯಲು, ಉಳಿದವರು ಮುಂದೆ ಹೋಗಲು ಅವಕಾಶವಿಟ್ಟರೆ ಯಾರ ಹರಕೆಗೂ ಭಂಗ ಬರುವುದಿಲ್ಲ.

ದೂರವಲ್ಲ, ಹೊತ್ತು ಎಣಿಸುವುದು

ಮುಚ್ಚಿದ ಸೇತುವೆಯಿಂದ ಮೇಲಿನ ಸೇತುವೆ ಎಷ್ಟು ದೂರವೋ ಅದರ ಎರಡರಷ್ಟು ಹೆಚ್ಚು ನಡಿಗೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ: ಈ ದಂಡೆಯಲ್ಲಿ ಮೇಲಕ್ಕೆ, ಆ ದಂಡೆಯಲ್ಲಿ ಕೆಳಕ್ಕೆ. ಇದು ಸೇತುವೆಯ ಎದುರು ದಡಕ್ಕೇ ಮರಳಬೇಕಾದವರಿಗೆ ಮಾತ್ರ ನಿಜ. ಹೊರಟಿರುವುದು ಎಲ್ಲಿಗೆ ಎಂಬುದರ ಮೇಲೆ ಲೆಕ್ಕ ಬದಲಾಗುತ್ತದೆ. ಬಳ್ಳಾರಿ, ಕುರುಗೋಡು ಕಡೆಯಿಂದ ಕಂಪ್ಲಿಗೆ ಬಂದು ಗಂಗಾವತಿಗೆ ಹೋಗಬೇಕಾದವರಿಗೆ ಬುಕ್ಕಸಾಗರ ಸುತ್ತು. ಆದರೆ ಅದೇ ತಂಡ ಅಂಜನಾದ್ರಿಗೆ ಹೊರಟಿದ್ದರೆ ಕಡೇಬಾಗಿಲಿನಲ್ಲಿ ದಡ ಹತ್ತಿದ ಕೂಡಲೇ ಆನೆಗೊಂದಿಯ ಬಾಗಿಲಲ್ಲೇ ಇರುತ್ತಾರೆ. ಅವರಿಗೆ ಅದು ಸುತ್ತೇ ಅಲ್ಲ, ಕಂಪ್ಲಿ ಸೇತುವೆ ತೆರೆದಿದ್ದಾಗಲೂ ವಿಚಾರಿಸಬೇಕಾದ ದಾರಿ. ಮಂತ್ರಾಲಯಕ್ಕೆ ಹೊರಟವರು ಕಂಪ್ಲಿಯಲ್ಲಿ ದಾಟಲೇಬೇಕೆಂದಿಲ್ಲ. ಗಂಗಾವತಿಯಿಂದ ಹೊರಟವರು ಎಡದಂಡೆಯಲ್ಲೇ ಕಾರಟಗಿ, ಸಿಂಧನೂರು, ಮಾನ್ವಿಯ ಮೇಲೆ ನಡೆದು ಮಾಧವರಂವರೆಗೆ ದಾಟುವುದನ್ನು ಮುಂದೂಡಬಹುದು. ದಾಟುವುದನ್ನು ಮುಂದೂಡುವುದು ಎಷ್ಟೋ ಸಲ ಅತಿ ಕಡಿಮೆ ಖರ್ಚಿನ ಸುತ್ತುದಾರಿ, ಜನಕ್ಕೆ ಅದು ಹೊಳೆಯುವುದೇ ಕಡಿಮೆ.

ಸುದ್ದಿ ಎಲ್ಲಿ ತಿಳಿಯಿತು ಎಂಬುದೂ ಅಷ್ಟೇ ಮುಖ್ಯ. ಸೇತುವೆಯ ಬಾಯಿಗೆ ಬಂದು ನಿಂತ ಮೇಲೆ ತಿಳಿದರೆ ಬಂದ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹಿಂದಿನ ರಾತ್ರಿಯ ಮುಕ್ಕಾಮಿನಲ್ಲೇ ತಿಳಿದರೆ ದಾರಿ ಕವಲೊಡೆಯುವ ಊರಿನಿಂದಲೇ ಓರೆಯಾಗಿ ಹೋಗಬಹುದು. ಹಾಗಾಗಿ ಹೊಳೆಗೆ ಎರಡು ಮುಕ್ಕಾಮು ಇರುವಾಗಿನಿಂದ ದಿನಕ್ಕೆರಡು ಸಲ ಹೊರಹರಿವು ವಿಚಾರಿಸುವುದನ್ನು ನಿಯಮ ಮಾಡಿಕೊಳ್ಳಬೇಕು.

ಇನ್ನು ನಡಿಗೆಯ ವೇಗ. 1892ರಲ್ಲಿ ನೈಸ್ಮಿತ್ ಎಂಬ ಸ್ಕಾಟ್ಲೆಂಡಿನ ಪರ್ವತಾರೋಹಿ ಕೊಟ್ಟ ಸೂತ್ರವನ್ನು ಇಂದಿಗೂ ಎಲ್ಲ ಕಡೆ ಬಳಸುತ್ತಾರೆ: ತಾಸಿಗೆ ಸುಮಾರು ಐದು ಕಿಲೋಮೀಟರ್, ಏರಿದ ಪ್ರತಿ 600 ಮೀಟರಿಗೆ ಇನ್ನೊಂದು ತಾಸು. ನಮ್ಮ ಬಯಲಿನಲ್ಲಿ ಏರು ಇಲ್ಲ. ಏರಿನ ಜಾಗದಲ್ಲಿ ನಮಗಿರುವುದು ಎರೆಮಣ್ಣು. ಸಿರುಗುಪ್ಪ, ಸಿಂಧನೂರು, ಮಾನ್ವಿಯ ಎರೆಹೊಲಗಳ ನಡುವಿನ ಬಂಡಿದಾರಿ ಒಣಗಿದ್ದಾಗ ತಾಸಿಗೆ ನಾಲ್ಕು ಕಿಲೋಮೀಟರ್ ಕೊಡುತ್ತದೆ, ಒಂದು ಹದ ಮಳೆ ಬಿದ್ದ ಮೇಲೆ ಎರಡು ಕಿಲೋಮೀಟರನ್ನೂ ಕೊಡುವುದಿಲ್ಲ. ಪ್ರತಿ ಹೆಜ್ಜೆಗೂ ಕಾಲಿಗೆ ಸೇರು ಮಣ್ಣು ಅಂಟುತ್ತದೆ. ಮಸಾರಿ, ಅಂದರೆ ಕೆಂಪು ಮಣ್ಣಿನ ನೆಲದ ದಾರಿ ಮಳೆ ನಿಂತ ಅರ್ಧ ದಿನಕ್ಕೆ ನಡೆಯಲು ಬರುತ್ತದೆ. ಆದ್ದರಿಂದ ನಕ್ಷೆಯಲ್ಲಿ ಎಂಟು ಕಿಲೋಮೀಟರ್ ಕಾಣುವ ಹೊಲದ ದಾರಿಗಿಂತ ಹದಿನಾಲ್ಕು ಕಿಲೋಮೀಟರಿನ ಡಾಂಬರು ದಾರಿ ಬೇಗ ಮುಗಿಯುವುದುಂಟು. ನಾಟಿಯ ಕಾಲದಲ್ಲಿ ಗದ್ದೆಯ ಬದುವಿನ ಮೇಲೆ ತಂಡ ನಡೆಸುವುದಂತೂ ಬೇಡ. ಬದು ಒಡೆದು ನೀರು ಹೋದರೆ ರೈತರ ವಾರದ ದುಡಿಮೆ ಹೋಗುತ್ತದೆ, ಮತ್ತು ಮುಂದಿನ ವರ್ಷ ಆ ಊರಿನವರು ನಮಗೆ ಅಂಗಳ ಕೊಡುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಬದಿಯ ರಸ್ತೆ ನೇರವಾಗಿ, ಗಟ್ಟಿಯಾಗಿ ಇರುವುದರಿಂದ ಸುತ್ತುದಾರಿಗೆ ಬಹಳ ಅನುಕೂಲ. ಆದರೆ ಕಾಲುವೆಯೇ ಎರಡನೆಯ ಹೊಳೆ ಎಂಬುದನ್ನು ಮರೆಯಬಾರದು. ಮುಂಗಾರಿನಲ್ಲಿ ಜಲಾಶಯ ತುಂಬಿದ ಮೇಲೆ ಕಾಲುವೆಯಲ್ಲೂ ನೀರಿರುತ್ತದೆ. ಇಳಿಜಾರಿನ ಕಲ್ಲು, ಕಾಂಕ್ರೀಟು ಪಾಚಿಗಟ್ಟಿರುವುದರಿಂದ ಬಿದ್ದವರು ಈಜು ಬಲ್ಲವರಾದರೂ ಮೇಲೆ ಹತ್ತಲಾರರು. ಹೊಳೆಯ ಕಡೆಯ ದಂಡೆಯಲ್ಲಿ ಇದ್ದೇವೋ ಆಚೆ ದಂಡೆಯಲ್ಲಿ ಇದ್ದೇವೋ ಎಂದು ಕಾಲುವೆ ಹಿಡಿಯುವ ಮೊದಲೇ ನೋಡಿಕೊಳ್ಳಬೇಕು. ತಪ್ಪು ದಂಡೆ ಹಿಡಿದರೆ ಮುಂದಿನ ಕಾಲುವೆ ಸೇತುವೆ ಬರುವವರೆಗೆ ದಾರಿ ಕಣ್ಣಿಗೆ ಕಂಡರೂ ಕಾಲಿಗೆ ಸಿಗುವುದಿಲ್ಲ. ಕಾಲುವೆಯ ಮೇಲಿನ ಜಾಗಗಳನ್ನು ಇಲ್ಲಿನವರು ಊರ ಹೆಸರಿಗಿಂತ ಹೆಚ್ಚಾಗಿ ಮೈಲಿನ ಸಂಖ್ಯೆಯಿಂದ, ವಿತರಣಾ ಕಾಲುವೆಯ ಸಂಖ್ಯೆಯಿಂದ ಹೇಳುತ್ತಾರೆ. 69ನೇ ಮೈಲು ಎಂದರೆ ನೀರಾವರಿಯ ಕೆಲಸಗಾರರಿಗೂ ಕ್ಯಾಂಪಿನ (ಕಾಲುವೆ ಬಂದ ಮೇಲೆ ಹುಟ್ಟಿದ ಸಣ್ಣ ಊರುಗಳ) ರೈತರಿಗೂ ಕಣ್ಣಿಗೆ ಕಟ್ಟಿದಂತೆ ಗೊತ್ತು. ದಾರಿಯ ಹಾಳೆಯಲ್ಲಿ ಈ ಸಂಖ್ಯೆಗಳನ್ನು ಬರೆದುಕೊಂಡರೆ ಕೇಳುವುದು ಸುಲಭವಾಗುತ್ತದೆ, ಯಾಕೆಂದರೆ ಕ್ಯಾಂಪುಗಳ ಹೆಸರು ಎಷ್ಟೋ ನಕ್ಷೆಗಳಲ್ಲಿ ಇರುವುದೇ ಇಲ್ಲ.

ನಕ್ಷೆಯನ್ನೂ ಜನರನ್ನೂ ಕೇಳುವ ಕ್ರಮ

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ಹಾಳೆಗಳನ್ನು ಅಂತರ್ಜಾಲದಿಂದ ಇಳಿಸಿಕೊಳ್ಳಬಹುದು. ಹಳ್ಳ, ದಿಬ್ಬ, ಬಂಡಿದಾರಿ, ಕಾಲುವೆ ಇವೆಲ್ಲ ಅದರಲ್ಲಿವೆ. ಆದರೆ ಈಚಿನ ಸೇತುವೆಗಳು ಇಲ್ಲದಿರಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್‌ ಆಧರಿಸಿದ ಆರ್ಗ್ಯಾನಿಕ್ ಮ್ಯಾಪ್ಸ್, ಓಸ್ಮ್ಯಾಂಡ್ ಆ್ಯಪ್‌ಗಳಿಗೆ ರಾಜ್ಯದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಂಡರೆ ನೆಟ್‌ವರ್ಕ್ ಇಲ್ಲದ ಕಡೆಯೂ ನಡೆಯುತ್ತವೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕಾಶೆಯಲ್ಲಿ ಕಂಡ ದಾರಿಯೋ, ಯಾರದೋ ಸ್ವಂತ ಹೊಲದ ದಾರಿಯೋ ಎಂಬ ಅನುಮಾನ ಬಂದಾಗ ಇದು ನೆರವಾಗುತ್ತದೆ. ಸ್ವಂತ ಹೊಲವಾದರೆ ಕೇಳಿ ಹೋಗಬೇಕು. ನಾನು ಕೇಳಿದವರಲ್ಲಿ ಬೇಡವೆಂದವರು ಬೆರಳೆಣಿಕೆಯಷ್ಟು, ಕೇಳದೆ ಹೋದಾಗ ಬೈದವರು ಅದಕ್ಕಿಂತ ಹೆಚ್ಚು.

ಜನರನ್ನು ಕೇಳುವುದಕ್ಕೆ ಒಂದು ಬಗೆಯಿದೆ. “ಈ ದಾರಿ ಹೋಗ್ತದೇನ್ರಿ?” ಎಂದು ಕೇಳಿದರೆ ದಣಿದು ಬಂದವರ ಮನಸ್ಸು ನೋಯಿಸಲಾರದೆ “ಹೋಗ್ತದ, ಹೋಗ್ರಿ” ಎಂದುಬಿಡುತ್ತಾರೆ. “ತಾತಾ, ನೀವು ಈ ದಾರಿಲೆ ಹೋಗಿ ಎಷ್ಟು ದಿನ ಆತ್ರಿ? ನಡುವ ಹಳ್ಳದಾಗ ಈಗ ನೀರು ಎಷ್ಟದ?” ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ. ಕುರಿಗಾಹಿಗಳು ನಿನ್ನೆ ನಡೆದ ದಾರಿಯನ್ನು ಹೇಳುತ್ತಾರೆ. ಹಾಲು ಹಾಕುವ ಬೈಕಿನವರು ಈ ಬೆಳಿಗ್ಗೆಯ ದಾರಿಯನ್ನು ಹೇಳುತ್ತಾರೆ. ಹೋಟೆಲಿನಲ್ಲಿ ಕುಳಿತವರು ಹತ್ತು ವರ್ಷದ ಹಿಂದಿನದನ್ನು ಹೇಳುವ ಸಾಧ್ಯತೆ ಹೆಚ್ಚು. ಇಬ್ಬರು ಬೇರೆ ಬೇರೆ ಜಾಗದಲ್ಲಿ ಒಂದೇ ಮಾತು ಹೇಳುವವರೆಗೆ ಹೊರಡುವುದಿಲ್ಲ ಎಂಬ ನಿಯಮ ನನ್ನದು. ಅಧಿಕೃತವಾಗಿ ತಿಳಿಯಲು ಜಿಲ್ಲಾ ನಿಯಂತ್ರಣ ಕೊಠಡಿಯ 1077, ತುರ್ತಿಗೆ 112.

ಹೊಳೆಗೆ ಸೇರುವ ಹಳ್ಳಗಳನ್ನು ಮರೆಯುವುದು ಸುತ್ತುದಾರಿ ಹುಡುಕುವವರ ದೊಡ್ಡ ತಪ್ಪು. ದಂಡೆಗುಂಟ ಮೇಲಕ್ಕೆ ಹೋಗುವಾಗ ಎದುರಾಗುವ ಪ್ರತಿ ಹಳ್ಳದ ಬಾಯಿಯಲ್ಲಿ ಹೊಳೆಯ ನೀರು ಹಿಂದಕ್ಕೆ ನುಗ್ಗಿ ನಿಂತಿರುತ್ತದೆ, ಬೇಸಿಗೆಯಲ್ಲಿ ಹಾರಿ ದಾಟುವ ಹಳ್ಳ ಆಗ ಈಜುವ ಆಳವಾಗಿರುತ್ತದೆ. ಬಳ್ಳಾರಿ ಕಡೆಯವರಿಗೆ ಹಗರಿ ಹೊಳೆಯೂ ಹೀಗೆಯೇ. ವರ್ಷವೆಲ್ಲ ಮರಳಾಗಿ ಕಾಣುವ ಅದರ ಪಾತ್ರವನ್ನು ನಂಬಿ ದಾರಿ ಹಾಕಿದರೆ ಬೇಕಾದ ದಿನವೇ ಅದು ಹರಿಯುತ್ತಿರಬಹುದು. ಆದ್ದರಿಂದ ಸುತ್ತುದಾರಿ ದಂಡೆಯಿಂದ ಒಂದೆರಡು ಕಿಲೋಮೀಟರ್ ಒಳಗೆ, ಹಳ್ಳಗಳಿಗೆ ಮೋರಿಯೋ ಸೇತುವೆಯೋ ಇರುವ ಊರದಾರಿಯಲ್ಲಿ ಸಾಗಬೇಕು.

ಹೊರಟ ಮೇಲೆ

ಸುತ್ತುದಾರಿಯಿಂದ ಬದಲಾಗುವುದು ದಾರಿ ಮಾತ್ರವಲ್ಲ, ಊಟ ಮತ್ತು ಮುಕ್ಕಾಮು ಕೂಡ. ಹಳೆಯ ದಾರಿಯಲ್ಲಿ ಮಧ್ಯಾಹ್ನದ ಪ್ರಸಾದಕ್ಕೆ ಕಾದವರಿಗೆ ಫೋನ್ ಮಾಡಿ ಬರುವುದಿಲ್ಲವೆಂದು ಹೇಳುವುದು ಮೊದಲ ಕೆಲಸ. ಆಮೇಲೆ ಹೊಸ ದಾರಿಯಲ್ಲಿ ಗುಡಿಯೋ ಮಠವೋ ಶಾಲೆಯೋ ಗೊತ್ತುಮಾಡಬೇಕು. ದಿನಕ್ಕೆ 25 ಕಿಲೋಮೀಟರ್ ನಡೆಯುವ ತಂಡಕ್ಕೆ ಅಂದೇ ಹನ್ನೆರಡು ಸೇರಿಸಿ 37 ಮಾಡುವುದು ಪಾದದ ಬೊಬ್ಬೆಗೆ ದಾರಿ. ಸೇರಿದ ದೂರವನ್ನು ಎರಡು ದಿನಕ್ಕೆ ಹಂಚಿ, ತಲುಪುವ ದಿನವನ್ನೇ ಒಂದು ದಿನ ಮುಂದಕ್ಕೆ ಹಾಕುವುದು ಒಳ್ಳೆಯದು. ಲೆಕ್ಕವನ್ನು ತಂಡದ ಅತಿ ನಿಧಾನಿಯ ನಡಿಗೆಯಿಂದ ಮಾಡಬೇಕು. ಮಧ್ಯಾಹ್ನ ಎರಡರ ಒಳಗೆ ಸೇತುವೆ ದಾಟಲು ಆಗುವುದಿಲ್ಲವೆಂದು ಕಂಡರೆ ಈ ದಡದಲ್ಲೇ ಉಳಿಯುವುದು ನಮ್ಮ ತಂಡದ ಪದ್ಧತಿ.

ಕಂಪ್ಲಿ, ಬುಕ್ಕಸಾಗರ, ಆನೆಗೊಂದಿಯ ನಡುವೆ ಈ ಪದ್ಧತಿಗೆ ಇನ್ನೊಂದು ಕಾರಣವಿದೆ. ಅಣೆಕಟ್ಟೆಯ ಕೆಳಗಿನಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರ್ ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಅಲ್ಲಿ ಮೊಸಳೆಗಳೂ ಇವೆ. ಬಂಡೆಗುಡ್ಡಗಳಲ್ಲಿ ಕರಡಿ, ಚಿರತೆ ಇದ್ದು, ಮುಸ್ಸಂಜೆ ಮತ್ತು ನಸುಕಿನಲ್ಲಿ ಅವು ಕೆಳಗಿಳಿಯುತ್ತವೆ. ಹೊಳೆಯ ದಂಡೆಯ ಜೊಂಡಿನಲ್ಲಿ ಹೊಸ ಕಾಲುದಾರಿ ತುಳಿಯುವುದು, ಕತ್ತಲಲ್ಲಿ ಗುಡ್ಡದ ನಡುವಿನ ಅಡ್ಡದಾರಿ ಹಿಡಿಯುವುದು ಎರಡೂ ನಮಗೂ ಆ ಜೀವಿಗಳಿಗೂ ಕೇಡು. ಬೆಳಕಿದ್ದಾಗ ಊರದಾರಿಯಲ್ಲಿ ಗುಂಪಾಗಿ ನಡೆದರೆ ಯಾವ ತೊಂದರೆಯೂ ಇಲ್ಲ.

ಹಿಂದೆ ಬರುವವರಿಗಾಗಿ ಗುರುತು ಹಾಕುವಾಗ ಕವಲಿನ ಜಾಗದಲ್ಲಿ, ಅಂದರೆ ಮುಚ್ಚಿದ ಸೇತುವೆಗೆ ಬಹಳ ಮೊದಲೇ, ಸುಣ್ಣದಲ್ಲಿ ಬಾಣ ಬರೆದು ಪಕ್ಕದಲ್ಲಿ ತಾರೀಖನ್ನೂ ಬರೆಯಬೇಕು. ಬಂಡೆಗೆ, ಹಳೆಯ ಮಂಟಪದ ಕಂಬಕ್ಕೆ, ಶಾಸನದ ಕಲ್ಲಿಗೆ ಬಳಿಯಬಾರದು. ಆನೆಗೊಂದಿಯ ಕಡೆ ಯಾವುದು ಬರೀ ಕಲ್ಲು, ಯಾವುದು ಸ್ಮಾರಕ ಎಂದು ನಮಗೆ ತಿಳಿಯದಿರಬಹುದು, ಹಾಗಾಗಿ ನೆಲಕ್ಕೆ ಅಥವಾ ಬೇಲಿಗೆ ಕಟ್ಟಿದ ರಟ್ಟಿಗೆ ಬರೆದರೆ ಸಾಕು. ತಾರೀಖು ಇಲ್ಲದ ಬಾಣ ಮುಂದಿನ ವಾರ ಸೇತುವೆ ತೆರೆದ ಮೇಲೂ ಜನರನ್ನು ಸುತ್ತಿಸುತ್ತಿರುತ್ತದೆ. ಯಾತ್ರೆ ಮುಗಿಸಿ ವಾಹನದಲ್ಲಿ ಮರಳುವಾಗ ನಾವು ಆ ಕವಲುಗಳಲ್ಲಿ ಇಳಿದು, ಕಟ್ಟಿದ ರಟ್ಟುಗಳನ್ನು ಬಿಚ್ಚಿಕೊಂಡು ಬರುತ್ತೇವೆ.